ಜಪಾನಿನ ಬೆಳ್ಳಿ ಪಾತ್ರೆ: ಉಜ್ಜುವ ಮೊದಲು ಸ್ವಲ್ಪ ನಿಲ್ಲಿ

ಟೋಕಿಯೋದಲ್ಲಿ ಕೈಯಿಂದ ಬೆಳ್ಳಿ ಪಾತ್ರೆ ಮಾಡುವ ಹಳೇ ಕಸುಬಿದೆ, ಹೆಸರು ಟೋಕಿಯೋ ಗಿನ್ಕಿ. 1979ರಲ್ಲಿ ಜಪಾನ್ ಸರ್ಕಾರ ಇದಕ್ಕೆ ಸಾಂಪ್ರದಾಯಿಕ ಕರಕುಶಲದ ಮಾನ್ಯತೆ ಕೊಟ್ಟಿದೆ. ಬೆಳ್ಳಿ ತಗಡನ್ನು ಕಾಯಿಸಿ ಮೆದು ಮಾಡುತ್ತಾರೆ, ಸುತ್ತಿಗೆಯಲ್ಲಿ ಬಡಿಯುತ್ತಾರೆ, ಬಡಿದು ಬಡಿದು ಗಟ್ಟಿಯಾದರೆ ಮತ್ತೆ ಕಾಯಿಸುತ್ತಾರೆ, ಹೀಗೇ ಬಟ್ಟಲು, ಸಾಕೆ (ಅಕ್ಕಿಯಿಂದ ಮಾಡುವ ಜಪಾನಿ ಮದ್ಯ) ಸುರಿಯುವ ಪಾತ್ರೆ, ಬಡಿಸುವ ಚಮಚ ಎಲ್ಲ ರೂಪ ಪಡೆಯುತ್ತವೆ. ಮೈಮೇಲೆ ಉಳಿಯುವ ಸುತ್ತಿಗೆ ಗುರುತಿಗೆ ತ್ಸುಚಿಮೆ ಅನ್ನುತ್ತಾರೆ. ಅದನ್ನು ಬೇಕಂತಲೇ ಬಿಟ್ಟಿರುತ್ತಾರೆ.

ಕೊಳ್ಳುವಾಗ ತಳ ತಿರುಗಿಸಿ ನೋಡಿ. ಜಪಾನಿನ ಟಂಕಸಾಲೆಯಲ್ಲಿ ಪರೀಕ್ಷೆ ಆಗಿದ್ದರೆ ಪುಟ್ಟ ಬಾವುಟದ ಗುರುತೂ ಪಕ್ಕದಲ್ಲಿ ವಜ್ರಾಕಾರದ ಚೌಕಟ್ಟಿನೊಳಗೆ 925 ಅಥವಾ 950 ಥರದ ಅಂಕಿಯೂ ಇರುತ್ತವೆ. ಸಾವಿರ ಭಾಗದಲ್ಲಿ ಅಷ್ಟು ಬೆಳ್ಳಿ ಅಂತ ಅರ್ಥ. ಪರೀಕ್ಷೆ ಕಡ್ಡಾಯವಲ್ಲ, ಹಾಗಾಗಿ ಬಾವುಟ ಇಲ್ಲ ಅಂದ ಮಾತ್ರಕ್ಕೆ ನಕಲಿ ಅಂದುಕೊಳ್ಳಬೇಡಿ.

ಇನ್ನು ಕಪ್ಪು ಬಣ್ಣ. ಎಲ್ಲರೂ ಎಡವುವುದು ಇಲ್ಲೇ. ಇಬುಷಿ ಅನ್ನುವ ಕೆಲಸದಲ್ಲಿ ಗಂಧಕ ತಾಗಿಸಿ ಬೆಳ್ಳಿಯನ್ನು ಕಪ್ಪಾಗಿಸುತ್ತಾರೆ, ಆಮೇಲೆ ಮೇಲ್ಮೈ ಮಾತ್ರ ಒರೆಸುತ್ತಾರೆ. ಗುಂಡಿಗಳಲ್ಲಿ ಕಪ್ಪು ಉಳಿದು ಏರುಗಳು ಮಿನುಗುತ್ತವೆ. ನಮ್ಮ ಮನೆಗಳಲ್ಲಿ ದೀಪ, ಕುಂಕುಮದ ಬಟ್ಟಲನ್ನು ವಿಭೂತಿ, ಟೂತ್‌ಪೇಸ್ಟ್ ಹಾಕಿ ಫಳಫಳ ಅನ್ನಿಸುತ್ತೇವಲ್ವಾ, ಅದನ್ನು ಇದರ ಮೇಲೆ ಮಾಡಿದರೆ ಕುಶಲಕರ್ಮಿಯ ಕೆಲಸವೇ ಅಳಿಸಿಹೋಗುತ್ತದೆ. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರಿನ ಉಪಾಯವೂ ಬೇಡ. ಅದಕ್ಕೆ ಬೇಕಾದ ಕಪ್ಪು, ಬೇಡದ ಕಪ್ಪು ಅಂತ ಭೇದ ಗೊತ್ತಿಲ್ಲ. ಇಬುಷಿ ಇಲ್ಲದ, ಪೂರ್ತಿ ಬಿಳಿ ಪಾತ್ರೆಗಾದರೆ ಬೆಳ್ಳಿ ಒರೆಸುವ ಬಟ್ಟೆ ಸಾಕು.

ಬಡಿಸುವಾಗ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಇರುವ ಪದಾರ್ಥಗಳಲ್ಲಿ ಚಮಚ ಬಿಟ್ಟು ಮಾತಿಗೆ ಕೂರಬೇಡಿ. ಅವುಗಳ ಗಂಧಕಕ್ಕೆ ಬೆಳ್ಳಿ ಬೇಗ ಮಂಕಾಗುತ್ತದೆ. ಉಪ್ಪು ಇನ್ನೂ ಕೆಟ್ಟದ್ದು, ಉಪ್ಪಿನಕಾಯಿಯನ್ನಂತೂ ಇದರಲ್ಲಿ ಇಡಲೇಬೇಡಿ. ಹಣ್ಣು, ಸಿಹಿತಿಂಡಿ, ತಣ್ಣನೆಯ ಸಾಕೆಗೆ ಇದು ಹೇಳಿ ಮಾಡಿಸಿದ್ದು. ಬಿಸಿ ಸಾರು ಹಾಕಿದರೆ ಅಂಚು ಕೂಡಲೇ ಕಾಯುತ್ತದೆ, ಯಾಕಂದರೆ ಲೋಹಗಳಲ್ಲೆಲ್ಲ ಶಾಖವನ್ನು ಜಾಸ್ತಿ ಸಾಗಿಸುವುದು ಬೆಳ್ಳಿಯೇ. ಅದಕ್ಕೇ ಅಲ್ಲಿನ ಎಷ್ಟೋ ಬೆಳ್ಳಿ ಕೆಟಲ್‌ಗಳ ಹಿಡಿಕೆಗೆ ಬೆತ್ತ ಸುತ್ತಿರುತ್ತಾರೆ.

ಊಟ ಆದ ತಕ್ಷಣ ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಮೆತ್ತನೆ ಸ್ಪಂಜಿನಲ್ಲಿ ತೊಳೆಯಿರಿ. ಡಿಶ್‌ವಾಶರ್, ಸ್ಟೀಲ್ ಜುಂಗು ಎರಡೂ ದೂರ. ಒಣಗಲಿ ಅಂತ ಬಿಡದೆ ಆಗಲೇ ಒರೆಸಿಡಿ, ಇಲ್ಲದಿದ್ದರೆ ತ್ಸುಚಿಮೆಯ ಗುಂಡಿಗಳಲ್ಲಿ ಗಡಸು ನೀರಿನ ಬಿಳಿ ಕಲೆ ಕೂರುತ್ತದೆ.

ಎತ್ತಿಡುವಾಗ ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಬೇಡ, ಅವುಗಳಲ್ಲೂ ಗಂಧಕ ಇದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಜಿಪ್ ಕವರಿಗೆ ಹಾಕಿ ಗಾಳಿ ಒತ್ತಿ ತೆಗೆಯಿರಿ. ಸುಮ್ನೆ ಬೀರುವಿನಲ್ಲೇ ವರ್ಷಗಟ್ಟಲೆ ಇಡುವುದಕ್ಕಿಂತ ವಾರಕ್ಕೊಮ್ಮೆ ಬಳಸಿ ತೊಳೆದರೆ ಅದು ಕಪ್ಪಾಗುವುದು ಕಡಿಮೆ.