ಕುದುರೆ ಬಯಲಲ್ಲಿ ತೆಗ್ಗು ಬಿದ್ದಿದೆಯಾ? ಮೊಲವನ್ನು ಬೈಯುವ ಮೊದಲು ಇಷ್ಟು ಮಾಡಿ

ಅಥಣಿ ಹತ್ತಿರ ನಮ್ಮ ಕಾಕಾ ಎರಡು ಕುದುರೆ ಸಾಕಿದ್ದಾರೆ. ಗಾಡಿ ಶರ್ಯತ್ತಿನ, ಅಂದರೆ ಓಟದ ಪಂದ್ಯದ ಕುದುರೆಗಳು. ಹೊಲದ ಒಂದು ಮೂಲೆಗೆ ಬೇಲಿ ಹಾಕಿ ಸಂಜೆ ಹೊತ್ತು ಅಲ್ಲಿ ಬಿಡುತ್ತಾರೆ. ಹೋದ ವರ್ಷ ಪಕ್ಕದ ಹೊಲದ ಕಬ್ಬು ಕಡಿದ ವಾರವೇ ಹೆಣ್ಣು ಕುದುರೆಯ ಮುಂಗಾಲು ಒಂದು ತೆಗ್ಗಿನಲ್ಲಿ ಇಳಿಯಿತು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಇಪ್ಪತ್ತು ದಿನ ಕುಂಟಿತು. ಹಿಂದಿನ ಸಂಜೆ ಬೇಲಿ ಬದಿಯಲ್ಲಿ ಒಂದು ಮೊಲ ಓಡಿದ್ದನ್ನು ನಾನೇ ನೋಡಿದ್ದೆ. "ಮೊಲದ ಕಾಟ ಜಾಸ್ತಿ ಆಗೇತಿ ಕಾಕಾ" ಅಂದೆ.

ಕಾಕಾ ತೆಗ್ಗಿನ ಬಾಯಿಗೆ ಸಲಿಕೆ ಊರಿ ನಿಂತರು. "ತಮ್ಮಾ, ನಮ್ಮ ಕಡೆ ಮೊಲ ತೆಗ್ಗ ತೋಡಿದ್ದ ಎಂದಾರ ನೋಡೀಯೇನು? ಇದು ಹೆಗ್ಗಣದ ಕೆಲಸ. ಕಬ್ಬು ಕಡದ್ರಲ್ಲ, ಸಂಸಾರ ಕಟಗೊಂಡ ಇಲ್ಲಿಗಿ ಬಂದಾವ."

ನನಗೆ ಸ್ವಲ್ಪ ನಾಚಿಕೆ ಆಯಿತು. ಹಿಂದಿನ ರಾತ್ರಿಯಷ್ಟೇ ಮೊಬೈಲಿನಲ್ಲಿ ಆಸ್ಟ್ರೇಲಿಯಾದ ವಿಡಿಯೊ ನೋಡಿ, ಬಿಲಕ್ಕೆ ಹೊಗೆ ಹಾಕಬೇಕು ಅಂತ ಲೆಕ್ಕ ಹಾಕಿದ್ದೆ. ಅಲ್ಲಿನ ಕಥೆಯೇ ಬೇರೆ. 1859ರಲ್ಲಿ ವಿಕ್ಟೋರಿಯಾದ ಒಬ್ಬ ಜಮೀನ್ದಾರ ಬೇಟೆಯ ಶೋಕಿಗಾಗಿ ಇಂಗ್ಲೆಂಡಿನಿಂದ 24 ಮೊಲ ತರಿಸಿದ. ಆ ಜಾತಿಯ ಮೊಲ ನೆಲದೊಳಗೆ ಬಿಲಕ್ಕೆ ಬಿಲ ಸೇರಿಸಿ ಒಂದು ಕೇರಿಯನ್ನೇ ಕಟ್ಟುತ್ತದೆ. ಅವು ಎಷ್ಟು ಹೆಚ್ಚಿದವು ಅಂದರೆ 1950ರಲ್ಲಿ ರೋಗದ ವೈರಸ್ಸನ್ನೇ ಅವುಗಳ ಮೇಲೆ ಬಿಡಬೇಕಾಯಿತು. ನಮ್ಮ ಮೊಲ ಕತ್ತಿನ ಹಿಂದೆ ಕಪ್ಪು ಮಚ್ಚೆ ಇರುವ ಜಾತಿ. ಅದು ಬಿಲ ತೋಡುವುದಿಲ್ಲ. ಹುಲ್ಲಿನಲ್ಲೋ ಜಾಲಿ ಕಂಟಿಯ ಬುಡದಲ್ಲೋ ತನ್ನ ಮೈಯಷ್ಟೇ ಜಾಗ ಒತ್ತಿಕೊಂಡು ಹಗಲೆಲ್ಲ ಬಿದ್ದುಕೊಂಡಿರುತ್ತದೆ. ಹಾಗಾಗಿ ಆ ವಿಡಿಯೊಗಳ ಉಪಾಯ ನಮ್ಮ ಹೊಲಕ್ಕೆ ಹೊಂದುವುದು ಕಡಿಮೆ.

ಮೊದಲು, ತೆಗ್ಗು ಯಾರದ್ದು ನೋಡಿ

ಬೆಳಿಗ್ಗೆ ಬಿಸಿಲು ಏರುವ ಮುಂಚೆ ಬಯಲು ಸುತ್ತಿ. ತೆಗ್ಗಿನ ಬಾಯಲ್ಲಿ ಹಸಿ ಮಣ್ಣಿನ ಗುಡ್ಡೆ ಇದ್ದು, ಬಾಯಿ ಒಳಗಿನಿಂದಲೇ ಮಣ್ಣು ತುಂಬಿ ಮುಚ್ಚಿದ್ದರೆ ಅದು ಹೆಗ್ಗಣ. ಮಣ್ಣು ಮುಚ್ಚದೆ ಬಾಯಿ ತೆರೆದೇ ಇದ್ದು, ಮುಂದೆ ಸಣ್ಣ ಕಾಲುದಾರಿ ಸವೆದಿದ್ದರೆ ಬಯಲು ಇಲಿ. ಇದು ಒಣ ಹೊಲದಲ್ಲಿ ಜಾಸ್ತಿ.

ವಿಜಯಪುರ, ಬಾಗಲಕೋಟೆ ಕಡೆಯ ಎರಿ (ಕಪ್ಪು ಮಣ್ಣಿನ) ಭೂಮಿಯವರು ಇನ್ನೊಂದನ್ನು ನೋಡಬೇಕು. ಬೇಸಿಗೆಯಲ್ಲಿ ಎರಿ ನೆಲ ತಾನಾಗಿಯೇ ಬಿರಿಯುತ್ತದೆ. ಕುದುರೆಯ ಗೊರಸು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕೂ ಬೀಳುತ್ತದೆ. ಅದಕ್ಕೆ ಇಲಿಯನ್ನು ಬೈದು ಏನು ಪ್ರಯೋಜನ?

ಮೊಲ ಬಂದ ಗುರುತು ಬೇರೆ. ಅದರ ಹಿಕ್ಕೆ ಕಡಲೆಯಂತೆ ಗುಂಡಗೆ ಇರುತ್ತದೆ. ಒಡೆದರೆ ಒಳಗೆ ಒಣ ಹುಲ್ಲಿನ ಪುಡಿ. ಇಲಿ, ಹೆಗ್ಗಣದ್ದು ಉದ್ದ. ಮೇವಿನ ದಂಟನ್ನೂ ನೋಡಿ. ಮೊಲ ಕಡಿದ ದಂಟು ಕುಡುಗೋಲಿನಿಂದ ಓರೆಯಾಗಿ ಕೊಯ್ದ ಹಾಗೆ ನುಣ್ಣಗಿರುತ್ತದೆ. ಇಲಿ ಕಡಿದದ್ದು ಜಗಿದ ಹಾಗೆ ಎಳೆಎಳೆ.

ಒಂದು ಸಂದರ್ಭದಲ್ಲಿ ಮಾತ್ರ ಮೊಲವೇ ಕಳ್ಳ. ಅಕ್ಕಪಕ್ಕದಲ್ಲಿ ಯಾರಾದರೂ ಬಿಳಿ ಮೊಲ ಸಾಕಿ, ಅದು ಗೂಡಿನಿಂದ ತಪ್ಪಿಸಿಕೊಂಡಿದ್ದರೆ. ಸಾಕುವ ಮೊಲ ಆ ವಿಲಾಯತಿ ಜಾತಿಯದೇ, ಹಾಗಾಗಿ ಬಿಲ ತೋಡುತ್ತದೆ. ಪಂಜರದಲ್ಲಿ ಗಜ್ಜರಿ, ಸೊಪ್ಪು ಇಟ್ಟು ನೆರಳಲ್ಲಿಡಿ. ದಿನಕ್ಕೆ ಎರಡು ಸಲ ನೋಡಿ. ಸಿಕ್ಕಿದ್ದನ್ನು ಮಾಲೀಕರಿಗೆ ಕೊಡಿ. ಮುಗಿಯಿತು.

ಎರಡನೆಯದು, ಯಾವ ಬಿಲದಲ್ಲಿ ಜೀವ ಇದೆ?

ಇದು ನನಗೆ ಬಹಳ ಇಷ್ಟವಾದ ಕೆಲಸ, ಖರ್ಚೇ ಇಲ್ಲ. ಸಂಜೆ ಎಲ್ಲ ಬಿಲದ ಬಾಯಿಗೂ ಹಸಿ ಮಣ್ಣು ಮೆತ್ತಿ. ಪಕ್ಕದಲ್ಲಿ ಒಂದೊಂದು ಕಡ್ಡಿ ನೆಡಿ. ಬೆಳಿಗ್ಗೆ ಯಾವುದು ಮತ್ತೆ ತೆರೆದಿದೆಯೋ ಅದರಲ್ಲಿ ವಾಸ ಇದೆ. ಉಳಿದವು ಖಾಲಿ ಮನೆ. ನಾವು ಮೆತ್ತಿದ್ದು ಹದಿನೇಳು, ಬೆಳಿಗ್ಗೆ ತೆರೆದಿದ್ದು ಐದು. ಹದಿನೇಳು ಕಂಡಾಗ ಆಗಿದ್ದ ಗಾಬರಿ ಅಲ್ಲಿಗೆ ಇಳಿಯಿತು.

ಈ ಕೆಲಸ ಮುಗಿಯುವ ತನಕ ಕುದುರೆಯನ್ನು ಆ ಬಯಲಿಗೆ ಬಿಡಬೇಡಿ. ಜಾಗ ಇಲ್ಲದಿದ್ದರೆ ಬಿಲ ಇರುವ ಭಾಗಕ್ಕೆ ಅಡ್ಡ ಬಿದಿರು ಕಟ್ಟಿ. ನಡೆಯುವ ಕುದುರೆ ನೋಡಿಕೊಂಡು ಕಾಲಿಡುತ್ತದೆ. ಓಡುವ ಕುದುರೆಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಖಾಲಿ ಬಿಲಗಳನ್ನು ಮೊದಲು ಮುಚ್ಚಿ. ಸುಮ್ನೆ ಮೇಲೆ ಮಣ್ಣು ಎಳೆದರೆ ಅದು ಇನ್ನೂ ಅಪಾಯ, ಕುದುರೆಯ ಭಾರಕ್ಕೆ ಕುಸಿಯುತ್ತದೆ. ಹಾರೆಯಿಂದ ಬಾಯಿ ಅಗಲ ಮಾಡಿ, ಒಳಗಿನ ಸುರಂಗ ಸಿಗುವ ತನಕ ಅಗೆಯಿರಿ. ಒಂದು ಗೇಣು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿ, ನೀರು ಚಿಮುಕಿಸಿ, ದಿಮ್ಮಿಸಿ. ಮತ್ತೆ ಒಂದು ಗೇಣು. ಎರಿ ಭೂಮಿಯಲ್ಲಿ ಅದೇ ಎರಿ ಮಣ್ಣು ತುಂಬಬೇಡಿ, ಒಣಗಿದ ಮೇಲೆ ಅದು ಕುಗ್ಗಿ ಮತ್ತೆ ಬಾಯಿ ಬಿಡುತ್ತದೆ.

ಮೂರನೆಯದು, ಊಟ ನಿಲ್ಲಿಸಿ

ಹೆಗ್ಗಣ ಬರುವುದು ಕಾಳಿಗೆ. ಕುದುರೆ ಬಾಯಿಂದ ಉದುರಿದ ಹುರುಳಿ, ಕಡಲೆ ರಾತ್ರಿಯೆಲ್ಲ ನೆಲದಲ್ಲಿ ಬಿದ್ದಿದ್ದರೆ ನಾವೇ ಕರೆದು ಎಲೆ ಹಾಕಿದಂತೆ. ಕಾಳನ್ನು ಗೋಣಿಚೀಲದಲ್ಲಿ ಇಡಬೇಡಿ, ಮುಚ್ಚಳ ಇರುವ ತಗಡಿನ ಡ್ರಮ್ಮಿನಲ್ಲಿ ಇಡಿ. ತಿಂದು ಬಿಟ್ಟದ್ದನ್ನು ಸಂಜೆಯೇ ಗುಡಿಸಿ. ಕಣಕಿ (ಜೋಳದ ಒಣ ದಂಟು) ಬಣವಿಯನ್ನು ನೆಲಕ್ಕೆ ತಾಗಿಸದೆ ಕಲ್ಲು, ಕಟ್ಟಿಗೆಯ ಮೇಲೆ ಒಟ್ಟಿ, ಕೆಳಗೆ ಬೆಕ್ಕು ನುಗ್ಗುವಷ್ಟು ಜಾಗ ಬಿಡಿ. ನೀರಿನ ತೊಟ್ಟಿಯನ್ನೂ ಆಗಾಗ ತಿಕ್ಕಿ ತೊಳೆಯಿರಿ. ಇಲಿಯ ಉಚ್ಚೆಯಿಂದ ಇಲಿ ಜ್ವರ ಹರಡುತ್ತದೆ. ಅದು ಕುದುರೆಗೂ ಬರುತ್ತದೆ, ಲಾಯ ತೊಳೆಯುವ ನಮಗೂ ಬರುತ್ತದೆ.

ವಾಸ ಇರುವ ಆ ಐದು ಬಿಲಗಳಿಗೆ ಏನು ಮಾಡುವುದು? ಊಟ ನಿಂತು, ದಿನಾ ಬಾಯಿ ಮುಚ್ಚಿಸಿಕೊಂಡು ಬೇಸತ್ತು ಮೂರು ತಾವಾಗಿಯೇ ಖಾಲಿಯಾದವು. ಉಳಿದ ಎರಡಕ್ಕೆ ದೊಡ್ಡ ಹೆಗ್ಗಣದ ಬೋನು ಇಟ್ಟೆವು, ತಟ್ಟನೆ ಕೊಲ್ಲುವಂಥದ್ದು. ಬಯಲಿನ ಒಳಗೆ ಇಡಲಿಲ್ಲ. ಬೇಲಿಯಾಚೆ, ಎರಡೂ ಕಡೆ ತೂತು ಇರುವ ಕಟ್ಟಿಗೆ ಪೆಟ್ಟಿಗೆಯೊಳಗೆ ಇಟ್ಟೆವು. ಇಲ್ಲದಿದ್ದರೆ ನಾಯಿ, ಕೋಳಿ, ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತವೆ. ಜೀವಂತ ಹಿಡಿದು ಬಕೆಟ್ ನೀರಿನಲ್ಲಿ ಮುಳುಗಿಸುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅದು ಸಾಯಲು ತೆಗೆದುಕೊಳ್ಳುವ ಹೊತ್ತು ನೋಡಿದವರು ಮತ್ತೆ ಆ ಕೆಲಸ ಮಾಡುವುದಿಲ್ಲ. ಪಕ್ಕದವರ ಹೊಲದಲ್ಲಿ ಬಿಟ್ಟು ಬರುವುದಂತೂ ಜಗಳಕ್ಕೆ ದಾರಿ.

ಬೇಲಿಯಾಚೆ ಹತ್ತು, ಹನ್ನೆರಡು ಅಡಿಯ ಕಂಬಕ್ಕೆ ಮೇಲೆ ಒಂದು ಅಡ್ಡ ಕಟ್ಟಿಗೆ ಬಡಿದು ನಿಲ್ಲಿಸಿ. ರಾತ್ರಿ ಗೂಬೆ ಬಂದು ಕೂರುತ್ತದೆ. ಇಲಿಯನ್ನೂ ಹೆಗ್ಗಣದ ಮರಿಯನ್ನೂ ಅದು ಬಿಡುವುದಿಲ್ಲ. ಗೂಬೆ ಅಪಶಕುನ ಅಂತ ನಮ್ಮ ಕಾಕಿ ಎರಡು ದಿನ ಮುಖ ಊದಿಸಿಕೊಂಡಿದ್ದರು. ಕಂಬ ಮನೆಯಿಂದ ದೂರ ಹೋಯಿತು, ಅಷ್ಟೇ.

ಹಾಗಾದರೆ ಮೊಲ?

ಮೊಲಕ್ಕೆ ಬೇಕಾದದ್ದು ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು. ಹೆಸರು ಕುದುರೆಯದ್ದು, ಆಸೆ ಎಲ್ಲರಿಗೂ. ಆ ಸೊಪ್ಪಿನ ಮಡಿಗೆ ಒಂದಿಂಚು ಕಣ್ಣಿನ ಕೋಳಿ ಜಾಲರಿ ಸಾಕು. ನೆಲದ ಮೇಲೆ ಮೂರೂವರೆ ಅಡಿ ಎತ್ತರ ಬರಲಿ. ಕೆಳಗಿನ ಅರ್ಧ ಅಡಿಯನ್ನು ಹೊರಗಡೆಗೆ ಮಡಚಿ, ನೆಲಕ್ಕೆ ಹಾಸಿ, ಮೇಲೆ ಕಲ್ಲು ಹೇರಿ. ಮೊಲ ಹಾರುವುದಕ್ಕಿಂತ ಕೆಳಗೆ ನುಸುಳುವುದನ್ನೇ ಮೊದಲು ನೋಡುತ್ತದೆ. ಕುದುರೆ ಬಯಲಿನ ಬೇಲಿಗೇ ಹಾಕುವುದಾದರೆ ಜಾಲರಿ ಕಂಬದ ಹೊರಮೈಗೆ ಇರಲಿ, ಒಳಗಡೆ ಬಿದಿರಿನ ಅಡ್ಡಪಟ್ಟಿ ಕಟ್ಟಿ. ಕುದುರೆ ಕಾಲು ಕೆರೆಯುತ್ತದೆ, ಗೊರಸು ಜಾಲರಿಗೆ ಸಿಕ್ಕರೆ ಗಾಬರಿಯಾಗಿ ಚರ್ಮ ಹರಿದುಕೊಳ್ಳುತ್ತದೆ. ಮುಳ್ಳುತಂತಿ ಕುದುರೆ ಇರುವ ಕಡೆ ಬೇಡವೇ ಬೇಡ. ಬೇಲಿ ಸುತ್ತ ಹತ್ತು ಹೆಜ್ಜೆ ಬಳ್ಳಾರಿ ಜಾಲಿ ಕಂಟಿ ಕಡಿದರೆ ಮೊಲಕ್ಕೆ ಅಡಗಲು ಜಾಗ ಇರುವುದಿಲ್ಲ.

ಉರುಲು ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಮೊಲವನ್ನು ಕೊಲ್ಲುವುದಷ್ಟೇ ಅಲ್ಲ, ಬಲೆ, ಉರುಲು ಹಾಕಿ ಹಿಡಿಯುವುದೂ ಬೇಟೆಯೇ, ಅಪರಾಧವೇ. ಮುಧೋಳ ಕಡೆಯವರಿಗೆ ಇನ್ನೊಂದು ಮಾತು. ಮುಧೋಳ ನಾಯಿಯನ್ನು ಬೆಳೆಸಿದ್ದೇ ಕಣ್ಣಿಗೆ ಬಿದ್ದ ಮೊಲವನ್ನು ಓಡಿ ಹಿಡಿಯಲು, ಗೊತ್ತು. ಆದರೆ ನಾಯಿ ಬಿಟ್ಟು ಹಿಡಿಸುವುದೂ ಅದೇ ಕಾಯ್ದೆಗೆ ಬರುತ್ತದೆ. ಮೇಲಾಗಿ ಬಯಲಿನೊಳಗೆ ಆ ನಾಯಿ ಬಾಣದಂತೆ ನುಗ್ಗಿದರೆ ಕುದುರೆ ಬೆದರಿ ಬೇಲಿಗೇ ಬೀಳುತ್ತದೆ.

ಮೇವು ಕೊಯ್ಯುವಾಗ ಒಂದು ಮರಿ ಸಿಗಬಹುದು. ಮೈತುಂಬ ಕೂದಲು, ತೆರೆದ ಕಣ್ಣು, ಅಲುಗಾಡದೆ ಕೂತಿರುತ್ತದೆ. ತಾಯಿ ಸತ್ತಿದೆ ಅಂತ ಮನೆಗೆ ತರಬೇಡಿ. ತಾಯಿ ಬೇಕಂತಲೇ ದೂರ ಇರುತ್ತದೆ, ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ. ಆ ಒಂದು ಮಾರು ಸೊಪ್ಪು ಬಿಟ್ಟು ಮುಂದೆ ಕೊಯ್ಯಿರಿ. ಗಾಯಗೊಂಡ ಮೊಲ ಸಿಕ್ಕರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ವಿಷದ ಮಾತು

ಕೇಳಿದವರೆಲ್ಲ ಮೊದಲು ಹೇಳುವುದು ಇಲಿ ಪಾಷಾಣ, ಅಂದರೆ ಜಿಂಕ್ ಫಾಸ್ಫೈಡ್. ಕುದುರೆ ಇರುವ ಜಾಗಕ್ಕೆ ಅದು ಯಾಕೆ ಬೇಡ ಅಂದರೆ, ಅದನ್ನು ಕಲಸುವುದು ಕಾಳಿನಲ್ಲಿ. ಕುದುರೆಗೂ ಅದೇ ಕಾಳು ಬೇಕು. ಹೊಟ್ಟೆಯ ಆಮ್ಲಕ್ಕೆ ಸೇರಿದ ಕೂಡಲೇ ಅದು ವಿಷಾನಿಲ ಆಗುತ್ತದೆ. ಅದಕ್ಕೆ ಅಂತಲೇ ಪ್ರತಿವಿಷ ಇಲ್ಲ. ನಾಯಿ ತಿಂದರೆ ವಾಂತಿಯಾದರೂ ಮಾಡೀತು, ಕುದುರೆಗೆ ವಾಂತಿ ಮಾಡಲು ಆಗುವುದೇ ಇಲ್ಲ. ನಿಧಾನವಾಗಿ ಕೊಲ್ಲುವ ಕೇಕಿನಂಥ ಇಲಿ ಮದ್ದು ತಿಂದ ಇಲಿಯನ್ನು ಗೂಬೆಯೋ ಬೆಕ್ಕೋ ತಿಂದರೆ ಅವೂ ಸಾಯಬಹುದು. ಬಿಲದೊಳಗೆ ವಿಷಾನಿಲ ಬಿಡುವ ಗುಳಿಗೆ ಮನುಷ್ಯರನ್ನೂ ಕೊಂದಿದೆ, ಅದು ರೈತರು ತಾವೇ ಬಳಸುವ ವಸ್ತುವಲ್ಲ. ಥಿಮೆಟ್ ಎಂಬ ಕೀಟನಾಶಕದ ಹಳೆ ಡಬ್ಬಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದನ್ನೂ ಮುಟ್ಟಬೇಡಿ, ಅದು ಈಗ ನಿಷೇಧ.

ಸತ್ತ ಇಲಿ ಮೇವಿನೊಳಗೆ ಸೇರಿದರೂ ಕಷ್ಟ. ಹೆಣ ಕೊಳೆತ ಮೇವು ತಿಂದ ಕುದುರೆಗೆ ಬೊಟುಲಿಸಂ ಎಂಬ ವಿಷಬಾಧೆ ಬಂದು, ನುಂಗಲು ಆಗದೆ, ನಿಲ್ಲಲು ಆಗದೆ ಬೀಳುತ್ತದೆ. ಕುದುರೆ ಜೊಲ್ಲು ಸುರಿಸಿ ಮೇವು ಬಿಟ್ಟರೆ ನಾಳೆ ನೋಡೋಣ ಅನ್ನಬೇಡಿ, ಪಶು ಸಂಚಾರಿ ಆಸ್ಪತ್ರೆಯ 1962ಕ್ಕೆ ಕೂಡಲೇ ಫೋನ್ ಮಾಡಿ.

ಕಾಕಾ ಈಗ ಅಮಾವಾಸ್ಯೆಗೊಮ್ಮೆ ಬಯಲು ಸುತ್ತುತ್ತಾರೆ. ಅವತ್ತು ಹೇಗೂ ಎತ್ತು ಹೂಡುವುದಿಲ್ಲ, ಕೈಯಲ್ಲಿ ಪುರುಸೊತ್ತು ಇರುತ್ತದೆ. ಪಕ್ಕದ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗ್ ಬಂತು ಅಂದರೆ ಮಾತ್ರ ಅಮಾವಾಸ್ಯೆ ಕಾಯುವುದಿಲ್ಲ, ಅವತ್ತು ಸಂಜೆಯೇ ಸಲಿಕೆ, ಗರಸಿನ ಬುಟ್ಟಿ ಹಿಡಿದು ಬೇಲಿಗೆ ಬರುತ್ತಾರೆ. ಮೊಲ ಈಗಲೂ ಬರುತ್ತದೆ, ಜಾಲರಿಯ ಹೊರಗೆ ನಿಂತು ಕುದುರೆ ಮಸಾಲೆ ನೋಡಿ ಹೋಗುತ್ತದೆ.