ಕೋಡ್‌ಶೇರ್ ಟಿಕೆಟ್: ಯಾರನ್ನು, ಯಾವಾಗ ಕೇಳಬೇಕು?

ಟಿಕೆಟ್ ಮೇಲೆ ಒಂದು ಕಂಪನಿಯ ಹೆಸರು, ಹತ್ತುವ ವಿಮಾನದ ಮೇಲೆ ಇನ್ನೊಂದು. ಕೋಡ್‌ಶೇರ್ ಅಂದರೆ ಇಷ್ಟೇ. ಟಿಕೆಟ್ ಬುಕಿಂಗ್ ನನ್ನ ಕೆಲಸ. ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಕೇಳುವ ಗೋಳು ಇದೇ: ಇವರನ್ನು ಕೇಳಿದರೆ ‘ಅವರನ್ನು ಕೇಳಿ’ ಅಂತಾರೆ, ಅವರನ್ನು ಕೇಳಿದರೆ ‘ಟಿಕೆಟ್ ಕೊಟ್ಟವರನ್ನು ಕೇಳಿ’ ಅಂತಾರೆ.

ಈ ಅಲೆದಾಟ ಬೇಡ ಅಂದರೆ ಕೆಲಸ ಯಾರದ್ದು ಅಂತ ಮೊದಲೇ ತಿಳಿದಿರಬೇಕು. ದಿನಾಂಕ ಬದಲಿಸುವುದು, ರದ್ದು ಮಾಡುವುದು, ದುಡ್ಡು ವಾಪಸ್ ಕೊಡುವುದು ಟಿಕೆಟ್ ಕೊಟ್ಟ ಕಂಪನಿಯ ಕೆಲಸ. ಚೆಕ್-ಇನ್, ಗೇಟ್, ಹೊರಡುವ ದಿನದ ತಡ, ಇವೆಲ್ಲ ವಿಮಾನ ಹಾರಿಸುವ ಕಂಪನಿಯದ್ದು.

ಬುಕ್ ಮಾಡುವಾಗ ವಿಮಾನದ ನಂಬರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಪರೇಟೆಡ್ ಬೈ’ ಅಂತ ಇರುತ್ತದೆ. ಅದನ್ನು ಓದದೆ ದುಡ್ಡು ಕಟ್ಟಬೇಡಿ. ಅಲ್ಲಿರುವ ಕಂಪನಿಯ ವೆಬ್‌ಸೈಟಿನಲ್ಲೂ ಅದೇ ವಿಮಾನ ಹುಡುಕಿ. ಅದೇ ಸೀಟು, ಅದೇ ಹೊತ್ತು, ಆದರೆ ದರ ಬೇರೆ ಇರಬಹುದು. ವ್ಯತ್ಯಾಸ ಅಷ್ಟೇನೂ ಇಲ್ಲದಿದ್ದರೆ ನಾನು ಹಾರಿಸುವವರ ಹತ್ತಿರವೇ ಕೊಳ್ಳುತ್ತೇನೆ. ಆಗ ಎಲ್ಲಕ್ಕೂ ಒಬ್ಬರೇ ಹೊಣೆ. ಆದರೆ ನಡುವೆ ವಿಮಾನ ಬದಲಿಸುವ ಪ್ರಯಾಣವಾದರೆ, ಪೂರ್ತಿ ದಾರಿ ಒಂದೇ ಟಿಕೆಟ್‌ನಲ್ಲಿ ಇರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನ ಹತ್ತಿಸುವ ಹೊಣೆ ವಿಮಾನ ಕಂಪನಿಯವರದ್ದೇ. ಬೇರೆ ಬೇರೆ ಟಿಕೆಟ್ ಕೊಂಡರೆ ಆ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ.

ಲಗೇಜಿನ ಲೆಕ್ಕ ಇ-ಟಿಕೆಟ್‌ನಲ್ಲಿ ಪ್ರತಿ ವಿಮಾನದ ಪಕ್ಕ ಇರುತ್ತದೆ. ‘1 ಪಿಸಿ’ ಅಂದರೆ ಒಂದು ಬ್ಯಾಗ್, ‘30 ಕೆ’ ಅಂದರೆ 30 ಕಿಲೋ. ಆ ಕಂಪನಿ ಇಷ್ಟು ಬಿಡುತ್ತದಂತೆ, ಈ ಕಂಪನಿ ಅಷ್ಟು ಬಿಡುತ್ತದಂತೆ ಅನ್ನುವ ಮಾತು ಬೇಡ. ನಿಮ್ಮ ಟಿಕೆಟ್ ಏನು ಹೇಳುತ್ತದೋ ಅದನ್ನು ನೋಡಿ.

ಟಿಕೆಟ್ ಬಂದ ಮೇಲೆ ಎರಡು ಬಗೆಯ ನಂಬರ್ ಬರೆದಿಟ್ಟುಕೊಳ್ಳಿ. ಒಂದು, ಆರು ಅಕ್ಷರದ ಪಿಎನ್‌ಆರ್. ಟಿಕೆಟ್ ಕೊಟ್ಟವರದ್ದು ಒಂದು ಪಿಎನ್‌ಆರ್, ಹಾರಿಸುವವರದ್ದು ಬಹಳ ಸಲ ಇನ್ನೊಂದು. ಆ ಎರಡನೆಯದು ನಿಮ್ಮ ಇಮೇಲ್‌ನಲ್ಲಿ ಇಲ್ಲದೇ ಇರಬಹುದು. ಚಾಟ್‌ನಲ್ಲೋ ಫೋನಿನಲ್ಲೋ ಕೇಳಿ ಪಡೆಯಿರಿ. ಅದನ್ನು ಹಾರಿಸುವ ಕಂಪನಿಯ ವೆಬ್‌ಸೈಟಿಗೆ ಹಾಕಿ, ಹೆಸರು, ಊಟ, ಸೀಟು ಸರಿಯಾಗಿ ಬಂದಿವೆಯಾ ನೋಡಿ.

ಇನ್ನೊಂದು, 13 ಅಂಕಿಯ ಟಿಕೆಟ್ ನಂಬರ್. ಮೊದಲ ಮೂರು ಅಂಕಿ ನೋಡಿದರೆ ಟಿಕೆಟ್ ಯಾರದ್ದು ಅಂತ ಗೊತ್ತಾಗುತ್ತದೆ. 098 ಏರ್ ಇಂಡಿಯಾ, 176 ಎಮಿರೇಟ್ಸ್, 220 ಲುಫ್ತಾನ್ಸಾ, 618 ಸಿಂಗಾಪುರ್ ಏರ್‌ಲೈನ್ಸ್. ವಿಮಾನದ ನಂಬರ್ ಒಬ್ಬರದ್ದಾಗಿ ಟಿಕೆಟ್ ಇನ್ನೊಬ್ಬರದ್ದಾಗಿರುವುದೂ ಉಂಟು. ಜಗಳ ಬಂದಾಗ ಈ ಮೂರು ಅಂಕಿಯೇ ಕೆಲಸಕ್ಕೆ ಬರುವುದು.

ಕೋಡ್‌ಶೇರ್‌ನಲ್ಲಿ ನನಗೆ ಹೆಚ್ಚು ಭಯ ಇರುವುದು ವೇಳೆ ಬದಲಾವಣೆಯದ್ದು. ಕಂಪನಿ ವಿಮಾನದ ವೇಳೆ ಬದಲಿಸಿದಾಗ ಆ್ಯಪ್‌ನಲ್ಲಿ ‘ಒಪ್ಪಿದ್ದೇನೆ’ ಅಂತ ಒತ್ತಿದರೆ ಬುಕಿಂಗ್ ಬದಲಾಗುತ್ತದೆ. ಟಿಕೆಟ್ ಬದಲಾಗುತ್ತದೆ ಅಂತ ಖಾತ್ರಿ ಇಲ್ಲ. ಮಗಳ ಬಾಣಂತನಕ್ಕೆ ಹೊರಟಿದ್ದ ಒಬ್ಬ ಅಮ್ಮನಿಗೆ ಹೀಗೇ ಆಯಿತು. ಮೊಬೈಲಿನಲ್ಲಿ ಹೊಸ ವಿಮಾನ ‘ಕನ್ಫರ್ಮ್ಡ್’ ಅಂತ ತೋರಿಸುತ್ತಿತ್ತು. ಕೌಂಟರಿನಲ್ಲಿ ಮಾತ್ರ ‘ನಿಮಗೆ ಟಿಕೆಟ್ಟೇ ಇಲ್ಲ’ ಅಂದರು. ಟಿಕೆಟ್ ಇನ್ನೂ ಹಳೆಯ ವಿಮಾನದ ಮೇಲೇ ಇತ್ತು. ಅವರು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಟಿಕೆಟ್ ಕೊಟ್ಟ ಕಂಪನಿಯನ್ನು ಹಿಡಿದು ರೀಇಶ್ಯೂ, ಅಂದರೆ ಹೊಸ ವಿಮಾನಕ್ಕೆ ಟಿಕೆಟ್ ಬದಲಿಸಿ ಕೊಡುವ ಕೆಲಸ, ಮಾಡಿಸುವಷ್ಟರಲ್ಲಿ ಕೌಂಟರ್ ಮುಚ್ಚುವ ಹೊತ್ತು ಬಂದಿತ್ತು. ಆ ವಯಸ್ಸಿನವರು ಅಷ್ಟು ಸಂಕಟಪಡುವ ಅಗತ್ಯವೇ ಇರಲಿಲ್ಲ. ಬದಲಾವಣೆ ಆದ ಕೂಡಲೇ ಹೊಸ ಇ-ಟಿಕೆಟ್ ರಸೀದಿ ಬಂತಾ ನೋಡಿ. ಬರದಿದ್ದರೆ ಟಿಕೆಟ್ ಕೊಟ್ಟವರಿಗೆ ಫೋನ್ ಮಾಡಿ ಹೀಗೆ ಕೇಳಿ: ‘ಟಿಕೆಟ್ ರೀಇಶ್ಯೂ ಆಗಿದೆಯಾ? ಕೂಪನ್ ಓಪನ್ ಇದೆಯಾ?’ ಕೂಪನ್ ಅಂದರೆ ಟಿಕೆಟ್‌ನಲ್ಲಿ ಒಂದೊಂದು ವಿಮಾನಕ್ಕೆ ಇರುವ ಭಾಗ, ಅದು ಓಪನ್ ಅಂದರೆ ಇನ್ನೂ ಬಳಸಬಹುದು. ಈ ಎರಡು ಪ್ರಶ್ನೆ ಕೇಳಿದರೆ ಆ ಕಡೆಯವರು ನಿಜವಾಗಿಯೂ ತೆಗೆದು ನೋಡುತ್ತಾರೆ.

ಹೊಸ ವೇಳೆ ನಿಮಗೆ ಆಗದಿದ್ದರೆ ಒಪ್ಪಿಗೆ ಒತ್ತಲೇಬೇಡಿ. ಒಪ್ಪಿದ ಮೇಲೆ ದುಡ್ಡು ವಾಪಸ್ ಕೇಳುವುದು ಕಷ್ಟ. ಕಂಪನಿಯೇ ವಿಮಾನ ರದ್ದು ಮಾಡಿದಾಗಲೂ ಅವಸರದಲ್ಲಿ ನೀವಾಗಿಯೇ ‘ಕ್ಯಾನ್ಸಲ್’ ಒತ್ತಬೇಡಿ. ಅದು ನೀವೇ ಬಿಟ್ಟ ಟಿಕೆಟ್ ಅಂತ ಲೆಕ್ಕವಾಗಿ, ಸುಮ್ನೆ ದಂಡ ಬೀಳಬಹುದು. ‘ಇದು ಇನ್‌ವಾಲಂಟರಿ (ನಾನಾಗಿ ಬಿಟ್ಟದ್ದಲ್ಲ), ಪೂರ್ತಿ ರೀಫಂಡ್ ಬೇಕು’ ಅಂತ ಕೇಳಿ. ಏಜೆಂಟ್ ಮೂಲಕ ಕೊಂಡಿದ್ದರೆ ಮೊದಲು ಏಜೆಂಟನ್ನೇ ಕೇಳಬೇಕು. ಚೆಕ್-ಇನ್ ಮಾಡಿದ ಮೇಲೆ ವಿಮಾನ ರದ್ದಾದರೆ ಕೂಪನ್ ಹಾರಿಸುವವರ ಹಿಡಿತದಲ್ಲಿ ಇರುತ್ತದೆ. ಅವರು ಅದನ್ನು ಬಿಟ್ಟುಕೊಡುವವರೆಗೆ ಟಿಕೆಟ್ ಕೊಟ್ಟವರು ಕೈಕಟ್ಟಿ ಕೂರಬೇಕಾಗುತ್ತದೆ. ಚೆಕ್-ಇನ್ ತೆಗೆದು ಕೂಪನ್ ಓಪನ್ ಮಾಡಿ ಅಂತ ಕೌಂಟರಿನಲ್ಲೇ ಕೇಳಿ.

ನೀವೇ ಹೋಗುವುದಿಲ್ಲ ಅಂತಾದರೆ ವಿಮಾನ ಹೊರಡುವ ಮುಂಚೆ ರದ್ದು ಮಾಡಿ. ತಿಳಿಸದೆ ಹೋಗದಿದ್ದರೆ ವಾಪಸ್ ಬರುವ ಟಿಕೆಟ್ಟೂ ಸಾಮಾನ್ಯವಾಗಿ ರದ್ದಾಗುತ್ತದೆ.

ವಿಮಾನ ರದ್ದಾದರೆ, ತುಂಬಾ ತಡವಾದರೆ ಸಿಗುವ ಪರಿಹಾರದ ವಿಷಯಕ್ಕೆ ಬಂದರೆ, ಯುರೋಪಿನ 261/2004 ನಿಯಮದಲ್ಲಿ ಹೊಣೆ ಹಾರಿಸುವವರದ್ದು. ದೂರ ನೋಡಿ 250, 400 ಅಥವಾ 600 ಯೂರೋ. ಯುರೋಪಿಯನ್ ಒಕ್ಕೂಟದಿಂದ ಹೊರಡುವ ವಿಮಾನ ಯಾರದ್ದಾದರೂ ಸರಿ, ನಿಯಮ ಅನ್ವಯಿಸುತ್ತದೆ. ಹೊರಗಿನಿಂದ ಅಲ್ಲಿಗೆ ಬರುವ ವಿಮಾನಕ್ಕೆ ಅನ್ವಯಿಸಬೇಕಾದರೆ ಅದನ್ನು ಅಲ್ಲಿನ ಕಂಪನಿಯೇ ಹಾರಿಸುತ್ತಿರಬೇಕು. ಟಿಕೆಟ್ ಮೇಲೆ ಅವರ ನಂಬರ್ ಇದ್ದರಷ್ಟೇ ಸಾಲದು. ‘ಆಪರೇಟೆಡ್ ಬೈ’ ಓದಿ ಅಂತ ಅಷ್ಟು ಒತ್ತಿ ಹೇಳಿದ್ದು ಇದಕ್ಕೂ ಹೌದು.

ಬ್ಯಾಗ್ ಬರದಿದ್ದರೆ, ಒಡೆದು ಬಂದರೆ, ವಿಮಾನ ನಿಲ್ದಾಣ ಬಿಡುವ ಮುಂಚೆ ಲಗೇಜ್ ಕೌಂಟರಿನಲ್ಲಿ ಪಿಐಆರ್ (ಲಗೇಜಿನ ತೊಂದರೆ ದಾಖಲಿಸುವ ವರದಿ) ಬರೆಸಿ, ಅದರ ಪ್ರತಿ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾಳಾದ ಬ್ಯಾಗಿಗೆ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ ಬ್ಯಾಗ್ ಕೈಸೇರಿದ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಇದೊಂದರಲ್ಲಿ ಟಿಕೆಟ್ ಕೊಟ್ಟವರು, ಹಾರಿಸಿದವರು ಇಬ್ಬರಲ್ಲಿ ಯಾರನ್ನಾದರೂ ಕೇಳಬಹುದು. ನಾನು ಒಂದೇ ಇಮೇಲ್ ಅನ್ನು ಇಬ್ಬರಿಗೂ ಕಳಿಸಿ ಅನ್ನುತ್ತೇನೆ.