ಶೆಟ್ಟಿಹಳ್ಳಿಯ ಸೂರಿಲ್ಲದ ಚರ್ಚಿನಲ್ಲಿ ಒಂದು ಮುಖ

ಮೊದಲ ಸಲ ಶೆಟ್ಟಿಹಳ್ಳಿಗೆ ಹೋದಾಗ ಹನ್ನೊಂದು ಗಂಟೆ ದಾಟಿತ್ತು. ಹಾಸನದಿಂದ ಸುಮಾರು 20 ಕಿಲೋಮೀಟರ್ ದಾರಿ ಅಲ್ವಾ ಅಂತ ತಿಂಡಿ ಮುಗಿಸಿ ನಿಧಾನಕ್ಕೆ ಹೊರಟಿದ್ದೆವು. ಗೆಳತಿಗೆ ಕೆಂಪು ಗೌನ್ ಹಾಕಿಸಿ, ಕಮಾನಿನ ಮುಂದೆ ನಿಲ್ಲಿಸಿ ಇನ್ನೂರು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಒಂದೂ ಇಟ್ಟುಕೊಳ್ಳುವಂತಿರಲಿಲ್ಲ. ಕಣ್ಣಿನ ಗುಳಿ ಕಪ್ಪು, ಮೂಗಿನ ಕೆಳಗೆ ನೆರಳು, ಹಿಂದಿನ ಗೋಡೆ ಮಾತ್ರ ಬೆಳ್ಳಗೆ.

ಆ ಚರ್ಚಿಗೆ ಸೂರಿಲ್ಲ. ತೊಂದರೆ ಇದ್ದದ್ದು ಅಲ್ಲಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚ್ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು, ಸುತ್ತಲಿನ ಊರುಗಳು ಎದ್ದು ಹೋದ ಮೇಲೆ ಖಾಲಿಯಾಯಿತು. ಮಳೆಗಾಲದಲ್ಲಿ ಹಿನ್ನೀರು ಒಳಗೆ ತುಂಬಿಕೊಳ್ಳುತ್ತದೆ, ಬೇಸಿಗೆಗೆ ಇಳಿಯುತ್ತದೆ. ಈಗ ಉಳಿದಿರುವುದು ಗೋಡೆಗಳು ಮತ್ತು ಚೂಪು ಕಮಾನುಗಳು. ಪಾಳು ಬಂಗಲೆಯಲ್ಲಾದರೆ ಕಿಟಕಿಯಿಂದ ಒಂದೇ ಮಗ್ಗುಲಿನ ಬೆಳಕು ಸಿಗುತ್ತದೆ. ಇಲ್ಲಿ ಬೆಳಕು ನೇರ ನೆತ್ತಿಯ ಮೇಲೆ ಸುರಿಯುತ್ತದೆ.

ಆಮೇಲೆ ಮೂರು ಸಲ ಸುಮ್ನೆ ನೋಡಲು ಹೋಗಿ ಬಂದೆ. ಯಾರನ್ನೂ ನಿಲ್ಲಿಸಲಿಲ್ಲ. ಯಾವ ಹೊತ್ತಿಗೆ ಯಾವ ಗೋಡೆ ಹೊಳೆಯುತ್ತದೆ, ಎಲ್ಲಿ ನೆರಳು ತಂಪಾಗಿ ಕೂರುತ್ತದೆ ಅಂತ ಫೋನಿನಲ್ಲಿ ಗುರುತು ಮಾಡಿಕೊಂಡೆ. ಜನವರಿಯ ಬೆಳಿಗ್ಗೆ ಆರೂವರೆಯಿಂದ ಎಂಟರವರೆಗಿನ ಹೊತ್ತು ನನಗೆ ಒಪ್ಪಿಗೆಯಾಯಿತು. ಬಿಸಿಲು ಓರೆಯಾಗಿರುತ್ತದೆ. ಹಿನ್ನೀರಿನ ಮೇಲಿಂದ ಮಂಜು ಬಂದರೆ ಹಿಂದಿನ ಕಮಾನುಗಳು ಒಂದರ ಹಿಂದೊಂದು ಮಸುಕಾಗುತ್ತವೆ. ಅದಕ್ಕೆ ಫೋಟೋಶೂಟ್‌ನವರು ಬಳಸುವ ಬಣ್ಣದ ಹೊಗೆಬತ್ತಿ ಹಚ್ಚಬೇಕಾಗಿಲ್ಲ. ದಯವಿಟ್ಟು ಹಚ್ಚಲೇಬೇಡಿ. ನೂರೈವತ್ತು ವರ್ಷ ದಾಟಿದ ಗೋಡೆಗೆ ನಮ್ಮ ಬಣ್ಣ ಮೆತ್ತುವ ಹಕ್ಕು ನಮಗಿಲ್ಲ.

ಆ ಸಮಯದಲ್ಲೇ ಗೆಳೆಯನ ಅತ್ತೆಯ ವಿಷಯ ತಿಳಿಯಿತು. ಎಪ್ಪತ್ತರ ಹತ್ತಿರದ ವಯಸ್ಸು. ಹುಡುಗಿಯಾಗಿದ್ದಾಗ ಅಮ್ಮನ ಕೈ ಹಿಡಿದು ಇದೇ ಚರ್ಚಿಗೆ ಪೂಜೆಗೆ ಬರುತ್ತಿದ್ದರಂತೆ. ಊರು ಬಿಟ್ಟ ಮೇಲೆ ಒಳಗೆ ಕಾಲಿಟ್ಟಿರಲಿಲ್ಲ. "ಬರ್ತೀರಾ ಅತ್ತೆ?" ಅಂದೆ. ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಅವರೇ ಫೋನ್ ಮಾಡಿದರು. "ಯಾವ ಸೀರೆ ಉಡ್ಲಪ್ಪ?"

ಬಣ್ಣ ಜಾಸ್ತಿ ಇಲ್ಲದ್ದು, ಜರಿ ಇಲ್ಲದ್ದು ಅಂದೆ. ಮಾಸಲು ಹಸಿರು ಹತ್ತಿ ಸೀರೆಯಲ್ಲಿ ಬಂದರು. ಹಳೆ ಇಟ್ಟಿಗೆ, ಗಾರೆಯ ಬಣ್ಣದ ಮುಂದೆ ಅದು ಎಷ್ಟು ಚೆನ್ನಾಗಿ ಕೂತಿತು ಅಂದರೆ ಕೆಂಪು ಗೌನಿನ ಆಸೆ ನನಗೆ ಮತ್ತೆ ಬಂದಿಲ್ಲ.

ಕಮಾನಿನ ಕೆಳಗೆ ಅವರನ್ನು ನಿಲ್ಲಿಸಲಿಲ್ಲ. ವರ್ಷವೂ ನೀರಲ್ಲಿ ನೆಂದು ಒಣಗುವ ಗೋಡೆ, ಯಾವ ಕಲ್ಲು ಸಡಿಲವಾಗಿದೆ ಗೊತ್ತಾಗುವುದಿಲ್ಲ. ಇಳಿದ ನೀರಿನ ಕೆಸರೂ ಮೇಲೆ ಒಣಗಿದಂತೆ ಕಂಡು ಒಳಗೆ ಜಾರುತ್ತದೆ. ಗೆಳೆಯ ಅವರ ಕೈ ಬಿಡಲೇ ಇಲ್ಲ. ಗೋಡೆಯಿಂದ ಎರಡು ಮಾರು ಈಚೆಗೆ, ನೆರಳಿನ ಅಂಚಿನಲ್ಲಿ, ಮುಖ ಬೆಳಕಿನ ಕಡೆಗೆ ತಿರುಗುವಂತೆ ನಿಲ್ಲಿಸಿದೆವು. ಬಿಳಿ ಪಂಚೆಯೊಂದನ್ನು ಅವರ ಕಾಲ ಬಳಿ ಹಾಸಿದೆ. ಕೆಳಗಿನಿಂದ ಬೆಳಕು ಎದ್ದು ಕಣ್ಣಿನ ಗುಳಿ ತುಂಬಿತು. ಇನ್ನೊಂದು ಮಗ್ಗುಲಿಗೆ ಗೆಳೆಯ ಕರಿ ಕಂಬಳಿ ಹಿಡಿದ. ಅದು ಚದುರಿದ ಬೆಳಕನ್ನು ನುಂಗಿಕೊಳ್ಳುತ್ತದೆ, ಆ ಕೆನ್ನೆಗೆ ನೆರಳು ಬರುತ್ತದೆ. ಸೂರಿಲ್ಲದ ಕಡೆ ಕಿಟಕಿಯ ಬೆಳಕು ಬೇಕಾದರೆ ಬೆಳಕು ತಂದರೆ ಸಾಲದು, ಸ್ವಲ್ಪ ತಡೆಯಲೂ ಬೇಕು. ಇದು ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು.

ಲೆನ್ಸ್ 50 ಎಂಎಂ, ಅದರ ಕಿಂಡಿ ಎಫ್ 2.8, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಐಎಸ್‌ಒ 400, ಶಟರ್ ತೆರೆದಿರುವುದು ಸೆಕೆಂಡಿನ 200ನೇ ಒಂದು ಭಾಗ. ಮಂಜಿನ ಬಿಳಿಗೆ ಕ್ಯಾಮೆರಾ ಮೋಸಹೋಗಿ ಮುಖವನ್ನು ಕಪ್ಪಾಗಿಸುತ್ತದೆ. ಅದಕ್ಕೆ ಬೆಳಕನ್ನು ಅವರ ಕೆನ್ನೆಯಿಂದ ಅಳೆದು, ಕ್ಯಾಮೆರಾ ತಾನಾಗಿ ಬದಲಿಸದಂತೆ ಮ್ಯಾನುವಲ್‌ಗೆ ಹಾಕಿ ಅಲ್ಲೇ ಬಿಟ್ಟೆ. ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಟ್ರೈಪಾಡ್ ಒಯ್ಯಲಿಲ್ಲ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕಾಗುವುದರಿಂದ ಕೈಯಲ್ಲೇ ಹಿಡಿದು ತೆಗೆಯುವುದು ನನಗೆ ರೂಢಿಯಾಗಿದೆ.

ಹತ್ತು ನಿಮಿಷ ನಾನು ಹೇಳಿದ ಹಾಗೆ ನಿಂತರು. ಫೋಟೋ ಚೆನ್ನಾಗಿಯೇ ಇದ್ದವು, ಆದರೆ ಅತ್ತೆ ಅದರಲ್ಲಿ ಇರಲಿಲ್ಲ. ಕ್ಯಾಮೆರಾ ಇಳಿಸಿ ಕೇಳಿದೆ, "ನೀವು ಎಲ್ಲಿ ಕೂರ್ತಿದ್ರಿ ಅತ್ತೆ?" ಅವರು ಸುತ್ತ ನೋಡಿದರು. ಒಂದು ಗೋಡೆಯ ಕಡೆ ಕೈ ತೋರಿಸಿದರು. "ಇಲ್ಲಿ ಕಣಪ್ಪ. ಹೆಂಗಸರೆಲ್ಲ ಈ ಕಡೆ. ಅಮ್ಮ ನನ್ನ ಮುಂದೆ." ಆಮೇಲೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಸೂರು ಇರಬೇಕಾದ ಜಾಗವನ್ನು ತಲೆಯೆತ್ತಿ ನೋಡಿದರು. ಆಗ ಬೆಳಕು ನೆತ್ತಿ ಬಿಟ್ಟು ಇಡೀ ಮುಖದ ಮೇಲೆ ಬಿತ್ತು. ಪಂಚೆ, ಕಂಬಳಿ ಯಾವುದೂ ಬೇಕಾಗಲಿಲ್ಲ. ನಾಲ್ಕು ಫೋಟೋ ತೆಗೆದೆ, ಐದನೆಯದಕ್ಕೆ ಮನಸ್ಸಾಗಲಿಲ್ಲ.

ಎಡಿಟಿಂಗ್‌ನಲ್ಲಿ ಕೈ ಬಿಗಿ ಹಿಡಿದೆ. ನೆರಳನ್ನು ಬೆಳ್ಳಗೆ ಮಾಡಲಿಲ್ಲ, ಸುಕ್ಕನ್ನು ಅಳಿಸಲಿಲ್ಲ, ಮಂಜಿನ ತಣ್ಣನೆ ನೀಲಿಯನ್ನು ಹಾಗೇ ಬಿಟ್ಟೆ. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ದೊಡ್ಡ ಪ್ರಿಂಟ್ ಹಾಕಿಸಿ ಮನೆಗೆ ಕೊಟ್ಟು ಬಂದೆ. ಅತ್ತೆ ತಮ್ಮ ಮುಖವನ್ನು ಜಾಸ್ತಿ ಹೊತ್ತು ನೋಡಲಿಲ್ಲ. ಹಿಂದಿನ ಗೋಡೆಯ ಮೇಲೆ ಬೆರಳಿಟ್ಟು, ಎಲ್ಲಿ ಬಾಗಿಲಿತ್ತು, ಯಾರು ಎಲ್ಲಿ ಕೂರುತ್ತಿದ್ದರು ಅಂತ ಮೊಮ್ಮಗಳಿಗೆ ತೋರಿಸುತ್ತಾ ಹೋದರು. ನೀರು ಇಳಿದ ಮೇಲೆ ತಂಗಿಯನ್ನೂ ಕರೆದುಕೊಂಡು ಬರುತ್ತಾರಂತೆ.